ದಾಳಿ ಅರ್ಧ ನಿಮಿಷ, ದುರಸ್ತಿ ಎರಡು ದಿನ

ಕೋಳಿ ಕೂಗುವ ಹೊತ್ತಿಗೇ ಗೋಕಾಕ, ಮೂಡಲಗಿ, ಹುಕ್ಕೇರಿಗಳ ರಸ್ತೆಗಳಲ್ಲಿ, ಘಟಪ್ರಭಾ ಕಾಲುವೆಯ ದಂಡೆಗಳ ಮೇಲೆ ಯುವಕರು ಓಡುತ್ತಿರುತ್ತಾರೆ. ಕೆಲವರ ಕಣ್ಣು ಸೈನ್ಯದ ಭರ್ತಿಯ ಮೇಲೆ, ಕೆಲವರದು ಪೊಲೀಸ್ ಪೇದೆಯ ಹುದ್ದೆಯ ಮೇಲೆ. ಸಂಜೆಯಾದರೆ ಇದೇ ಊರುಗಳ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಖೊಖೊ. ಗರಡಿ ಮನೆಗಳಲ್ಲಿ ದಂಡ, ಬೈಠಕ್, ಮಣ್ಣಿನ ಮೇಲೆ ಜೋಡಿ ಕುಸ್ತಿ. ಬೆಳಗಾವಿ ಜಿಲ್ಲೆಯ ಈ ಭಾಗಕ್ಕೆ ಮೈ ದಂಡಿಸುವುದು ಹೊಸ ಸಂಗತಿಯೇನಲ್ಲ. ಕಬ್ಬು ಕಡಿದು, ಹೊರೆ ಹೊತ್ತು ಬದುಕಿದ ನಾಡು ಇದು.

ಆದರೆ ಈ ದುಡಿಮೆಯ ಜೊತೆಗೇ ಒಂದು ನಂಬಿಕೆಯೂ ಬೇರು ಬಿಟ್ಟಿದೆ. ಎಷ್ಟು ದಂಡಿಸಿದರೆ ಅಷ್ಟು ಬಲ, ವಿಶ್ರಾಂತಿ ಎಂಬುದು ಸೋಮಾರಿಯ ನೆಪ ಎಂಬ ನಂಬಿಕೆ ಅದು. ಭರ್ತಿಗೆ ಇನ್ನೊಂದೇ ತಿಂಗಳಿದೆ ಎಂದಾಗ ಬೆಳಗಿನ ಓಟಕ್ಕೆ ಸಂಜೆಯ ಓಟ ಸೇರಿಕೊಳ್ಳುತ್ತದೆ. ಎರಡು ಸುತ್ತು ನಾಲ್ಕಾಗುತ್ತದೆ, ಭಾನುವಾರದ ಬಿಡುವು ಮಾಯವಾಗುತ್ತದೆ. ಮೊದಲ ವಾರ ಹುಡುಗ ಚುರುಕಾಗಿಯೇ ಕಾಣುತ್ತಾನೆ. ಮೂರನೆಯ ವಾರದಲ್ಲಿ ಗಡಿಯಾರ ಬೇರೆಯೇ ಮಾತು ಹೇಳತೊಡಗುತ್ತದೆ. ಐದೂವರೆ ನಿಮಿಷದಲ್ಲಿ ಮುಗಿಯುತ್ತಿದ್ದ ಓಟ ಆರು ನಿಮಿಷಕ್ಕೆ ಏರುತ್ತದೆ. ಕಾಲು ಭಾರ, ರಾತ್ರಿ ನಿದ್ದೆಯಿಲ್ಲ, ಊಟ ಸೇರದು. ‘ನೀ ಮನಸ್ಸಿಟ್ಟು ಓಡೂದಿಲ್ಲ’ ಎಂದು ಮನೆಯವರು ಗದರುತ್ತಾರೆ. ಹುಡುಗ ಇನ್ನೂ ಹೆಚ್ಚು ಓಡುತ್ತಾನೆ, ಗಡಿಯಾರ ಇನ್ನೂ ಕೆಡುತ್ತದೆ.

ಕೊರತೆ ಇರುವುದು ಅವನ ಮನಸ್ಸಿನಲ್ಲಲ್ಲ, ತೊಡೆಯ ಸ್ನಾಯುವಿನೊಳಗಿನ ಜಮಾ ಖರ್ಚಿನಲ್ಲಿ. ಆ ಲೆಕ್ಕವನ್ನು ಹುಡುಗನೂ ಹೆತ್ತವರೂ ಒಮ್ಮೆ ಕುಳಿತು ಅರ್ಥ ಮಾಡಿಕೊಂಡರೆ ಎಷ್ಟೋ ನಿರಾಸೆ ತಪ್ಪುತ್ತದೆ, ಕೆಲವೊಮ್ಮೆ ಪ್ರಾಣಾಪಾಯವೂ ತಪ್ಪುತ್ತದೆ.

ಕಿಸೆಯ ಚಿಲ್ಲರೆ, ಮನೆಯ ಗಡಿಗೆ, ಹೊಲದ ಹಗೇವು

ಸ್ನಾಯು ಯಾವ ಕೆಲಸಕ್ಕೆ ಕುಗ್ಗಿದರೂ ಅಲ್ಲಿ ಚಲಾವಣೆಯಾಗುವ ನಾಣ್ಯ ಒಂದೇ. ಅದರ ಹೆಸರು ಅಡೆನೊಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ. ಕಣ್ಣು ಮಿಟುಕಿಸುವುದಕ್ಕೂ ಅದೇ ಬೇಕು, ಎದುರಾಳಿಯನ್ನು ಎತ್ತಿ ಒಗೆಯುವುದಕ್ಕೂ ಅದೇ ಬೇಕು. ಇಷ್ಟು ಮುಖ್ಯವಾದ ವಸ್ತು ದೇಹದಲ್ಲಿ ಯಾವುದೇ ಹೊತ್ತಿಗೆ ಇರುವುದು ಸುಮಾರು ೧೦೦ ಗ್ರಾಂ ಮಾತ್ರ ಎಂದರೆ ಆಶ್ಚರ್ಯವಾಗಬಹುದು. ಪೂರ್ತಿ ವೇಗದಲ್ಲಿ ಓಡಿದರೆ ಸ್ನಾಯುವಿನಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡಿಗೆ ಸಾಕಾದೀತು. ಅದು ಕಿಸೆಯಲ್ಲಿನ ಚಿಲ್ಲರೆ ಇದ್ದಂತೆ. ಖರ್ಚಾದಂತೆಲ್ಲ ಮತ್ತೆ ತುಂಬುತ್ತಲೇ ಇರಬೇಕು.

ತುಂಬುವ ದಾರಿಗಳು ಮೂರು. ಮೊದಲನೆಯದು ಫಾಸ್ಫೋಕ್ರಿಯಾಟಿನ್. ಸ್ನಾಯುವಿನಲ್ಲಿ ಇದು ಎಟಿಪಿಯ ಮೂರು ನಾಲ್ಕು ಪಟ್ಟು ಇರುತ್ತದೆ. ಮನೆಯ ಗಡಿಗೆಯಲ್ಲಿ ಕೂಡಿಟ್ಟ ಹಣದಂತೆ ತಕ್ಷಣ ಕೈಗೆ ಸಿಗುತ್ತದೆ, ಬೇಗ ಬರಿದಾಗುತ್ತದೆ. ಎರಡನೆಯದು ಗ್ಲೈಕೋಜೆನ್. ರೊಟ್ಟಿ, ಅನ್ನ, ಬೆಲ್ಲಗಳಿಂದ ಬಂದ ಸಕ್ಕರೆಯನ್ನು ಸ್ನಾಯು ಈ ರೂಪದಲ್ಲಿ ಕೂಡಿಡುತ್ತದೆ. ಇದು ಹೊಲದ ಹಗೇವಿನಲ್ಲಿಟ್ಟ ಜೋಳ. ಅವಸರವಿದ್ದಾಗ ಸ್ನಾಯು ಇದನ್ನು ಆಮ್ಲಜನಕದ ನೆರವಿಲ್ಲದೆಯೇ ಅರೆಬರೆಯಾಗಿ ಒಡೆದು ಎಟಿಪಿ ಮಾಡಿಕೊಳ್ಳುತ್ತದೆ. ಆಗ ಉಳಿಯುವ ವಸ್ತುವೇ ಲ್ಯಾಕ್ಟೇಟ್. ಮೂರನೆಯದು ಆಮ್ಲಜನಕದ ದಾರಿ. ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಸಣ್ಣ ಕುಲುಮೆಗಳಲ್ಲಿ ಸಕ್ಕರೆ, ಕೊಬ್ಬುಗಳು ಪೂರ್ತಿಯಾಗಿ ಉರಿಯುತ್ತವೆ. ಈ ದಾರಿ ನಿಧಾನ, ಆದರೆ ಗಳಿಕೆ ಅಪಾರ. ಆಹಾರ ಶಕ್ತಿಯಾಗುವ, ಮಿಕ್ಕದ್ದು ಮತ್ತೆ ಸಂಗ್ರಹವಾಗುವ ಈ ಇಡೀ ವ್ಯವಹಾರಕ್ಕೆ ಚಯಾಪಚಯ ಎಂದು ಹೆಸರು.

ಈ ಕಥೆಯಲ್ಲಿ ನಮ್ಮ ದೇಶದವರೊಬ್ಬರ ದೊಡ್ಡ ಪಾಲಿದೆ. ಆಂಧ್ರದ ಭೀಮವರಂನಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರ ಜೊತೆ ಕೆಲಸ ಮಾಡುತ್ತಿದ್ದಾಗ, ೧೯೨೭ರಲ್ಲಿ, ಸ್ನಾಯುವಿನಲ್ಲಿ ಫಾಸ್ಫೋಕ್ರಿಯಾಟಿನ್ ಇರುವುದನ್ನು ತೋರಿಸಿದರು. ೧೯೨೯ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್ ಎಟಿಪಿಯನ್ನು ಗುರುತಿಸಿದ ವರ್ಷವೇ ಫಿಸ್ಕ್ ಮತ್ತು ಸುಬ್ಬರಾವ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದರು. ೧೯೪೮ರಲ್ಲಿ ತೀರಿಕೊಂಡ ಈ ವಿಜ್ಞಾನಿಯ ಹೆಸರು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಕಬಡ್ಡಿ ಆಟಗಾರನ ಪ್ರತಿಯೊಂದು ನೆಗೆತದ ಹಿಂದೆ ಅವರು ಕಂಡುಹಿಡಿದ ರಸಾಯನವೇ ಇದೆ.

ಮೂವತ್ತು ಸೆಕೆಂಡಿನ ಯುದ್ಧ

ಕಬಡ್ಡಿಯ ನಿಯಮದಂತೆ ಒಂದು ದಾಳಿಗೆ ೩೦ ಸೆಕೆಂಡು. ಪುರುಷರ ಆಟದಲ್ಲಿ ೨೦ ನಿಮಿಷದ ಎರಡು ಅವಧಿಗಳು, ನಡುವೆ ೫ ನಿಮಿಷದ ವಿರಾಮ. ದಾಳಿಗಾರ ಗೆರೆ ದಾಟಿ, ಬಗ್ಗಿ, ಒದ್ದು, ಕೈ ಚಾಚಿ, ಹಿಡಿದವರನ್ನು ಎಳೆದುಕೊಂಡು ಮರಳುವಷ್ಟರಲ್ಲಿ ಅವನ ಗಡಿಗೆ ಬಹುಪಾಲು ಖಾಲಿಯಾಗಿರುತ್ತದೆ, ಹಗೇವಿಗೂ ಕೈ ಬಿದ್ದಿರುತ್ತದೆ. ಮೈಮುರಿಯುವ ೩೦ ಸೆಕೆಂಡಿನ ಒಂದೇ ದುಡಿತದಲ್ಲಿ ತೊಡೆಯ ಗ್ಲೈಕೋಜೆನ್ನಿನ ಸುಮಾರು ಕಾಲುಭಾಗ ಕರಗಬಲ್ಲದು ಎಂದು ಪ್ರಯೋಗಾಲಯದ ಅಳತೆಗಳು ಹೇಳುತ್ತವೆ.

ಗೆರೆ ದಾಟಿ ಬಂದವನಿಗೆ ಎಷ್ಟು ಹೊತ್ತಿನಲ್ಲಿ ಗಡಿಗೆ ತುಂಬುತ್ತದೆ? ೧೯೯೫ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಸ್ವಯಂಸೇವಕರು ೩೦ ಸೆಕೆಂಡು ಪೂರ್ತಿ ಬಲ ಹಾಕಿ ಸೈಕಲ್ ತುಳಿದರು. ಒಂದೂವರೆ ನಿಮಿಷದ ನಂತರ ಫಾಸ್ಫೋಕ್ರಿಯಾಟಿನ್ ಮೊದಲಿದ್ದುದರ ಶೇಕಡಾ ೬೫ರಷ್ಟು ಮರಳಿತ್ತು. ಆರು ನಿಮಿಷ ಕಳೆದರೂ ಶೇಕಡಾ ೮೫ರ ಆಸುಪಾಸಿನಲ್ಲೇ ಇತ್ತು. ಅಂದರೆ ಒಬ್ಬನೇ ಹುಡುಗನನ್ನು ಮೇಲಿಂದ ಮೇಲೆ ದಾಳಿಗೆ ಕಳಿಸುವ ತಂಡ, ಮುಕ್ಕಾಲು ಗಡಿಗೆಯೂ ಇಲ್ಲದವನನ್ನು ಸಂತೆಗೆ ಕಳಿಸಿದಂತೆ. ಇಬ್ಬರು ಮೂವರು ದಾಳಿಗಾರರನ್ನು ತಯಾರು ಮಾಡಿ ಸರದಿಯಂತೆ ಕಳಿಸುವ ದೈಹಿಕ ಶಿಕ್ಷಣ ಶಿಕ್ಷಕರು ಅರಿತೋ ಅರಿಯದೆಯೋ ಈ ವಿಜ್ಞಾನವನ್ನೇ ಪಾಲಿಸುತ್ತಿದ್ದಾರೆ.

ಮೇಲಿಂದ ಮೇಲೆ ದುಡಿದಾಗ ಏನಾಗುತ್ತದೆ ಎಂಬುದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದ್ದು ಇಂಗ್ಲೆಂಡಿನ ಲಾಫ್‌ಬರೊ ವಿಶ್ವವಿದ್ಯಾಲಯದವರು. ೧೯೯೩ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಎಂಟು ಮಂದಿ ತಲಾ ೬ ಸೆಕೆಂಡಿನಂತೆ ಹತ್ತು ಬಾರಿ, ನಡುನಡುವೆ ೩೦ ಸೆಕೆಂಡು ಬಿಡುವು ಪಡೆದು, ಜೀವ ಬಿಟ್ಟು ಸೈಕಲ್ ತುಳಿದರು. ಮೊದಲ ಸಲ ಆಮ್ಲಜನಕವಿಲ್ಲದೆ ಹುಟ್ಟಿದ ಶಕ್ತಿಯಲ್ಲಿ ಸುಮಾರು ಅರ್ಧ ಫಾಸ್ಫೋಕ್ರಿಯಾಟಿನ್ನಿನಿಂದ, ಶೇಕಡಾ ೪೪ರಷ್ಟು ಗ್ಲೈಕೋಜೆನ್ ಒಡೆದದ್ದರಿಂದ ಬಂದಿತ್ತು. ಹತ್ತನೆಯ ಸಲಕ್ಕೆ ಈ ಎರಡನೆಯ ಪಾಲು ಶೇಕಡಾ ೧೬ಕ್ಕೆ ಇಳಿದಿತ್ತು. ಹಗೇವಿನಿಂದ ತೆಗೆಯುವ ವೇಗವೇ ಕುಸಿದಿತ್ತು. ಆದರೂ ಅವರ ಬಲ ಮೊದಲ ಸಲಕ್ಕಿಂತ ಶೇಕಡಾ ೨೭ರಷ್ಟು ಮಾತ್ರ ತಗ್ಗಿತ್ತು. ಮಿಕ್ಕದ್ದನ್ನು ತುಂಬಿಕೊಟ್ಟದ್ದು ಯಾವುದು? ಆಮ್ಲಜನಕದ ದಾರಿ ಎಂದು ಸಂಶೋಧಕರು ತೀರ್ಮಾನಿಸಿದರು.

ಇದರಲ್ಲಿ ನಮ್ಮ ಹುಡುಗರಿಗೆ ಒಂದು ಪಾಠವಿದೆ. ಕಬಡ್ಡಿ, ಕುಸ್ತಿಗಳಲ್ಲಿ ಕೊನೆಯ ನಿಮಿಷದವರೆಗೆ ನಿಲ್ಲುವವನು ಬರೀ ತೋಳಬಲದವನಲ್ಲ, ಬಿಡುವಿನ ಗಳಿಗೆಯಲ್ಲಿ ಬೇಗ ಉಸಿರು ಮರಳಿ ಪಡೆಯುವವನು. ಆ ಗುಣ ಬೆಳೆಯುವುದು ಮಾತಾಡುತ್ತ ಓಡಬಹುದಾದಷ್ಟು ನಿಧಾನದ, ಉದ್ದದ ಓಟಗಳಿಂದಲೂ ಹೌದು. ಹಾಗಾಗಿ ನಿಧಾನ ಓಟ ಮಾಡುವವನನ್ನು ಕಂಡು ಹಂಗಿಸುವುದು ಸಲ್ಲದು.

ಲ್ಯಾಕ್ಟಿಕ್ ಆಮ್ಲದ ಮೇಲಿನ ಅಪವಾದ

‘ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡಿದೆ, ಅದಕ್ಕೇ ನೋವು’ ಎಂಬ ಮಾತು ಮೈದಾನದಲ್ಲಿ, ಪಾಠದಲ್ಲಿ ಇಂದಿಗೂ ಕೇಳಿಬರುತ್ತದೆ. ಈ ಮಾತಿಗೆ ನೂರು ವರ್ಷಕ್ಕೂ ಮೀರಿದ ಹಿನ್ನೆಲೆಯಿದೆ. ೧೯೦೭ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್‌ಕಿನ್ಸ್, ದಣಿದ ಕಪ್ಪೆಯ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡುವುದನ್ನೂ, ಆಮ್ಲಜನಕ ಸಿಕ್ಕಾಗ ಅದು ಮಾಯವಾಗುವುದನ್ನೂ ತೋರಿಸಿದರು. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಕುರಿತ ಕೆಲಸಕ್ಕಾಗಿ ಎ.ವಿ. ಹಿಲ್ ಮತ್ತು ಆಟೊ ಮೇಯರ್‌ಹಾಫ್ ೧೯೨೨ರ ನೊಬೆಲ್ ಪ್ರಶಸ್ತಿ ಪಡೆದರು. ದಣಿವಿದ್ದಲ್ಲಿ ಅದು ಇತ್ತು, ಆದ್ದರಿಂದ ದಣಿವಿಗೆ ಅದೇ ಕಾರಣ ಎಂದು ಲೋಕ ನಂಬಿತು. ಕಳ್ಳತನವಾದ ಮನೆಯಲ್ಲಿ ಕಂಡವನನ್ನೆಲ್ಲ ಕಳ್ಳ ಎಂದಂತಾಯಿತು!

ಮುಂದಿನ ವಿಚಾರಣೆಯಲ್ಲಿ ಆರೋಪಿಗೆ ಬಹುಮಟ್ಟಿಗೆ ಬಿಡುಗಡೆ ಸಿಕ್ಕಿದೆ. ೧೯೪೭ರಲ್ಲಿ ನೊಬೆಲ್ ಪಡೆದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ, ಲ್ಯಾಕ್ಟೇಟ್ ರಕ್ತದ ಮೂಲಕ ಯಕೃತ್ತಿಗೆ ಹೋಗಿ ಮತ್ತೆ ಸಕ್ಕರೆಯಾಗುವ ಚಕ್ರವನ್ನು ವಿವರಿಸಿದ್ದರು. ೧೯೮೦ರ ದಶಕದಿಂದ ಈಚೆಗೆ ಕ್ಯಾಲಿಫೋರ್ನಿಯಾದ ಜಾರ್ಜ್ ಬ್ರೂಕ್ಸ್ ಮತ್ತು ಸಂಗಡಿಗರು, ಒಂದು ಸ್ನಾಯು ಬಿಟ್ಟ ಲ್ಯಾಕ್ಟೇಟನ್ನು ಇನ್ನೊಂದು ಸ್ನಾಯು ಮತ್ತು ಹೃದಯ ಇಂಧನವಾಗಿ ಉರಿಸುತ್ತವೆ ಎಂದು ತೋರಿಸಿದರು. ತೀವ್ರ ದುಡಿತದ ದಣಿವಿನಲ್ಲಿ ಫಾಸ್ಫೋಕ್ರಿಯಾಟಿನ್ ಒಡೆದಾಗ ಕೂಡುವ ಫಾಸ್ಫೇಟಿನ ಪಾತ್ರ ದೊಡ್ಡದು ಎಂದು ಈಗ ತಿಳಿದುಬಂದಿದೆ. ಸ್ನಾಯುವಿನಲ್ಲಿ ಆಮ್ಲೀಯತೆ ಏರುವುದು ನಿಜ, ಓಡುವಾಗಿನ ಉರಿಗೆ ಅದೂ ಕಾರಣವಾಗಬಹುದು. ಆದರೆ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ಮೊದಲ ಮಟ್ಟಕ್ಕೆ ಇಳಿಯುತ್ತದೆ. ದಪ್ಪೆಂದು ಕೂರದೆ ಮೆಲ್ಲಗೆ ನಡೆದಾಡಿದರೆ ಇನ್ನೂ ಬೇಗ ಇಳಿಯುತ್ತದೆ.

ಹಾಗಾದರೆ ಮರುದಿನ ಮೆಟ್ಟಿಲು ಇಳಿಯಲಾಗದಂತೆ ಹಿಡಿಯುವ ತೊಡೆನೋವು ಯಾವುದು? ೧೯೦೨ರಷ್ಟು ಹಿಂದೆಯೇ ಅಮೆರಿಕದ ಥಿಯೋಡರ್ ಹಫ್, ಇದು ಸ್ನಾಯುವಿನೊಳಗಿನ ಸಣ್ಣ ಹರುಕುಗಳಿಂದ ಬರುವ ನೋವಿರಬೇಕು ಎಂದಿದ್ದರು. ಬೈಠಕ್‌ನಲ್ಲಿ ಕೆಳಗಿಳಿಯುವಾಗ, ಇಳಿಜಾರಿನಲ್ಲಿ ಓಡುವಾಗ ಸ್ನಾಯು ಬಿಗಿಯಾಗಿದ್ದುಕೊಂಡೇ ಹಿಗ್ಗುತ್ತದೆ. ಅಭ್ಯಾಸವಿಲ್ಲದವನಲ್ಲಿ ಆಗ ಅದರ ಎಳೆಗಳಿಗೆ ಕಣ್ಣಿಗೆ ಕಾಣದಂಥ ಪೆಟ್ಟು ಬೀಳುತ್ತದೆ. ಬಳಿಕ ದುರಸ್ತಿಯ ಕೆಲಸ ಶುರುವಾಗಿ, ಒಂದರಿಂದ ಮೂರು ದಿನಗಳ ನಡುವೆ ನೋವು ತುತ್ತತುದಿಗೇರಿ ಇಳಿಯುತ್ತದೆ. ಅದೇ ವ್ಯಾಯಾಮವನ್ನು ಕೆಲವು ದಿನ ಬಿಟ್ಟು ಮತ್ತೆ ಮಾಡಿದರೆ ನೋವು ತೀರ ಕಡಿಮೆ. ಸ್ನಾಯು ಕಲಿತುಕೊಂಡಿರುತ್ತದೆ. ಗರಡಿಯ ವಸ್ತಾದರು ಹೊಸ ಹುಡುಗನಿಗೆ ಮೊದಲ ದಿನವೇ ನೂರು ಬೈಠಕ್ ಹೇಳದೆ ದಿನಕ್ಕಿಷ್ಟು ಎಂದು ಏರಿಸುತ್ತ ಹೋಗುವುದರಲ್ಲಿ ಅರ್ಥವಿದೆ. ಅಲ್ಲಿನ ಮಾಲೀಸಿಗೂ ಅರ್ಥವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟವಾದ ಒಂದು ಪರಿಶೀಲನೆ, ಇಂಥ ನೋವು ತಗ್ಗಿಸುವ ಉಪಾಯಗಳಲ್ಲಿ ಅಂಗಮರ್ದನಕ್ಕೇ ಮೇಲಿನ ಸ್ಥಾನ ಕೊಟ್ಟಿತು.

ಹಗೇವು ತುಂಬುವುದು ಅಡುಗೆ ಮನೆಯಲ್ಲಿ

ಉಸಿರು ಮರಳಲು ನಿಮಿಷಗಳು ಸಾಕು, ಲ್ಯಾಕ್ಟೇಟ್ ಇಳಿಯಲು ಒಂದು ಗಂಟೆ ಸಾಕು. ಬರಿದಾದ ಗ್ಲೈಕೋಜೆನ್ ತುಂಬಲು ಮಾತ್ರ, ಚೆನ್ನಾಗಿ ಉಂಡರೂ, ಹೆಚ್ಚುಕಡಿಮೆ ಒಂದು ಇಡೀ ದಿನ ಬೇಕು. ಸ್ನಾಯುವಿಗೆ ಪೆಟ್ಟಾಗಿದ್ದರೆ ಇನ್ನೂ ಹೆಚ್ಚು.

ಈ ಸಂಗತಿಯನ್ನು ಜಗತ್ತಿಗೆ ತೋರಿಸಿದ ಪ್ರಯೋಗ ಸ್ವಾರಸ್ಯಕರವಾಗಿದೆ. ಸ್ವೀಡನ್ನಿನ ಯೋನಸ್ ಬೆರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹಲ್ಟ್‌ಮನ್ ಎಂಬ ವೈದ್ಯರಿಬ್ಬರು ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಒಂದೇ ಸೈಕಲ್ಲಿನ ಎರಡು ಬದಿಗೆ ಕುಳಿತು ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಸಾಕಾಗುವವರೆಗೆ ತುಳಿದರು. ಆ ಮೇಲೆ ಮೂರು ದಿನ ಪಿಷ್ಟ, ಸಕ್ಕರೆ ಹೆಚ್ಚಿರುವ ಊಟ ಮಾಡಿದರು. ಸೂಜಿಯಿಂದ ತೊಡೆಯ ಸ್ನಾಯುವಿನ ಚೂರು ತೆಗೆದು ಅಳೆದಾಗ, ದುಡಿದ ಕಾಲಿನಲ್ಲಿ ಗ್ಲೈಕೋಜೆನ್ ದುಡಿಯದ ಕಾಲಿನದಕ್ಕಿಂತ ಸುಮಾರು ಎರಡು ಪಟ್ಟು ತುಂಬಿತ್ತು! ಇದು ೧೯೬೬ರಲ್ಲಿ ಪ್ರಕಟವಾಯಿತು. ದುಡಿದ ಸ್ನಾಯು ಹಸಿದಿರುತ್ತದೆ. ಅದಕ್ಕೆ ಊಟವನ್ನೂ ಸಮಯವನ್ನೂ ಕೊಟ್ಟರೆ ಮೊದಲಿಗಿಂತ ಹೆಚ್ಚು ಕೂಡಿಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಆ ಲಾಭವಿಲ್ಲ.

ಇದಕ್ಕೆ ದುಬಾರಿ ಡಬ್ಬಿಯ ಪುಡಿಗಳು ಬೇಕಿಲ್ಲ. ಜೋಳದ ರೊಟ್ಟಿ, ಅನ್ನ, ಚಪಾತಿ, ಬಾಳೆಹಣ್ಣು, ಬೆಲ್ಲ ಹಗೇವನ್ನು ತುಂಬುತ್ತವೆ. ಹೆಸರುಕಾಳು, ಮಡಕಿಕಾಳು, ತೊಗರಿಬೇಳೆ, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ತತ್ತಿ, ಇವು ಹರಿದ ಎಳೆಗಳ ದುರಸ್ತಿಗೆ ಬೇಕಾದ ಪ್ರೋಟೀನ್ ಒದಗಿಸುತ್ತವೆ. ಗೋಕಾಕದ ಹೆಮ್ಮೆಯ ಕರದಂಟು ಕೂಡ ಈ ಲೆಕ್ಕದಲ್ಲಿ ಬರುತ್ತದೆ. ಬೆಲ್ಲ, ಅಂಟು, ಕೊಬ್ಬರಿ, ಒಣಹಣ್ಣು, ತುಪ್ಪ ಸೇರಿದ ಅದರಲ್ಲಿ ಶಕ್ತಿ ದಟ್ಟವಾಗಿದೆ. ಆದರೆ ತುಪ್ಪ, ಬೀಜಗಳು ಅರಗಲು ಹೊತ್ತು ಬೇಕು. ಆದ್ದರಿಂದ ಆಟಕ್ಕೆ ಮುನ್ನ ತಿನ್ನುವುದಕ್ಕಿಂತ ಆಟ ಮುಗಿದ ಸಂಜೆ ಒಂದು ತುಂಡು ತಿನ್ನುವುದು ಜಾಣತನ. ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಆಡಬೇಕಾದ ಮಕ್ಕಳಿಗೆ ಪಂದ್ಯಗಳ ನಡುವೆ ಬಾಳೆಹಣ್ಣು, ಬೆಲ್ಲದ ಪಾನಕ, ಸಾಕಷ್ಟು ನೀರು ಸಿಗುವಂತೆ ಹೆತ್ತವರು ನೋಡಿಕೊಂಡರೆ ಅದೇ ದೊಡ್ಡ ನೆರವು.

ಊಟದಷ್ಟೇ ಮುಖ್ಯ ನಿದ್ದೆ. ೧೩ರಿಂದ ೧೮ರ ವಯಸ್ಸಿನವರಿಗೆ ದಿನಕ್ಕೆ ೮ರಿಂದ ೧೦ ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿ ನಾಲ್ಕಕ್ಕೆ ಎದ್ದು ಓಡುವ ಹುಡುಗ, ಬಿತ್ತಿದ್ದನ್ನು ತಾನೇ ತುಳಿದಂತೆ.

ಬಲ ಬೆಳೆಯುವುದು ಬಿಡುವಿನಲ್ಲಿ

ಹೆಚ್ಚು ತೀವ್ರತೆಯ ವ್ಯಾಯಾಮ ಕೆಟ್ಟದ್ದೆಂದು ಇದರಿಂದ ಯಾರೂ ತಿಳಿಯಬಾರದು. ಅದರ ಫಲ ಅದ್ಭುತವಾದದ್ದು. ಜಪಾನಿನ ಇಜುಮಿ ತಬಾಟಾ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೨೦ ಸೆಕೆಂಡು ತೀವ್ರ ದುಡಿತ, ೧೦ ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲದ ಅಭ್ಯಾಸವನ್ನು ಆರು ವಾರ ಮಾಡಿದವರ ಆಮ್ಲಜನಕ ಬಳಸುವ ಶಕ್ತಿಯೂ ಹೆಚ್ಚಿತು, ಆಮ್ಲಜನಕವಿಲ್ಲದೆ ದುಡಿಯುವ ಶಕ್ತಿ ಶೇಕಡಾ ೨೮ರಷ್ಟು ಏರಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ೨೦೦೫ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಬೆರಗಿನದು. ಎಂಟು ಮಂದಿ ಎರಡು ವಾರದಲ್ಲಿ ಆರೇ ದಿನ, ದಿನಕ್ಕೆ ನಾಲ್ಕರಿಂದ ಏಳು ಬಾರಿ ೩೦ ಸೆಕೆಂಡು ಸೈಕಲ್ ತುಳಿದರು. ಒಂದೇ ಬಿಗಿಯಲ್ಲಿ ಸುಮಾರು ೨೬ ನಿಮಿಷ ತುಳಿಯುತ್ತಿದ್ದವರು ಕೊನೆಗೆ ಸುಮಾರು ೫೧ ನಿಮಿಷ ತುಳಿದರು!

ಆದರೆ ಈ ಕಥೆಯ ಅರ್ಧಭಾಗವನ್ನು ಹುಡುಗರು ಓದುವುದಿಲ್ಲ. ಆ ೩೦ ಸೆಕೆಂಡುಗಳ ನಡುವೆ ನಾಲ್ಕು ನಿಮಿಷ ಬಿಡುವಿತ್ತು. ಒಂದು ಅಭ್ಯಾಸದ ದಿನಕ್ಕೂ ಮುಂದಿನದಕ್ಕೂ ನಡುವೆ ಒಂದೆರಡು ದಿನ ಬಿಡುವಿತ್ತು. ವ್ಯಾಯಾಮ ಸ್ನಾಯುವಿಗೆ ಕೊಡುವುದು ಒಂದು ಆಜ್ಞೆ ಮಾತ್ರ. ಹೊಸ ಪ್ರೋಟೀನ್ ಕಟ್ಟುವ, ಕುಲುಮೆಗಳನ್ನು ಹೆಚ್ಚಿಸುವ ಕೆಲಸ ನಡೆಯುವುದು ಆಟ ನಿಂತ ಮೇಲಿನ ಗಂಟೆಗಳಲ್ಲಿ, ಒಂದೆರಡು ದಿನಗಳವರೆಗೆ. ಗಾರೆ ಒಣಗುವ ಮುನ್ನವೇ ಮೇಲೆ ಗೋಡೆ ಏರಿಸುತ್ತ ಹೋದರೆ ಮನೆ ಏನಾದೀತು?

ಏನಾಗುತ್ತದೆ ಎಂಬುದನ್ನೂ ಅಳೆದು ನೋಡಲಾಗಿದೆ. ಸ್ವೀಡನ್ನಿನ ಸಂಶೋಧಕರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಜನರಿಗೆ ತೀವ್ರ ವ್ಯಾಯಾಮವನ್ನು ವಾರವಾರಕ್ಕೂ ಹೆಚ್ಚಿಸುತ್ತ ಹೋದರು. ಮೂರನೆಯ ವಾರದಲ್ಲಿ ಅದು ಸುಮಾರು ಎರಡೂವರೆ ಗಂಟೆಗೆ ಏರಿತ್ತು. ಅಲ್ಲಿಯವರೆಗೆ ಸುಧಾರಿಸುತ್ತಿದ್ದ ಮೈಟೊಕಾಂಡ್ರಿಯಾಗಳ ಕೆಲಸ ಆ ವಾರ ಗಣನೀಯವಾಗಿ ಕುಸಿಯಿತು, ರಕ್ತದ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿಯೂ ಕುಂದಿತು. ನಾಲ್ಕನೆಯ ವಾರ ವ್ಯಾಯಾಮ ತಗ್ಗಿಸಿದಾಗ ಚೇತರಿಕೆ ಕಂಡಿತು, ಆದರೆ ಎಲ್ಲವೂ ಪೂರ್ತಿಯಾಗಿ ಮೊದಲಿನಂತಾಗಲಿಲ್ಲ. ಭರ್ತಿಗೆ ತಿಂಗಳಿರುವಾಗ ಎರಡು ಹೊತ್ತು ಜೀವ ಬಿಟ್ಟು ಓಡಿದ ಹುಡುಗನ ಗಡಿಯಾರ ಕೆಟ್ಟದ್ದೇಕೆ ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ. ಅತಿಯಾದರೆ ಅಮೃತವೂ ವಿಷ ಎಂದ ಹಿರಿಯರು ಮೈಟೊಕಾಂಡ್ರಿಯಾ ಕಂಡಿರಲಿಲ್ಲ, ಮನುಷ್ಯರನ್ನು ಕಂಡಿದ್ದರು.

ಬಸ್ಕಿ ಶಿಕ್ಷೆ ಮತ್ತು ಕಪ್ಪು ಮೂತ್ರ

ಮಕ್ಕಳು ಚಿಕ್ಕ ಗಾತ್ರದ ದೊಡ್ಡವರಲ್ಲ. ೧೯೯೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ೩೦ ಸೆಕೆಂಡಿನ ತೀವ್ರ ಸೈಕಲ್ ತುಳಿತದ ನಂತರ ೯ರಿಂದ ೧೨ ವರ್ಷದ ಹುಡುಗರು ಎರಡೇ ನಿಮಿಷದಲ್ಲಿ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡರೆ, ದೊಡ್ಡವರು ಹತ್ತು ನಿಮಿಷವಾದರೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಬಯಲಲ್ಲಿ ಓಡಿ ನಿಂತು ಮತ್ತೆ ಓಡುವ ಮಕ್ಕಳನ್ನು ನೋಡಿ ಬಲ್ಲವರಿಗೆ ಇದು ಹೊಸದಲ್ಲ. ಚಿಕ್ಕ ಮಕ್ಕಳ ಸ್ನಾಯು ಆಮ್ಲಜನಕದ ದಾರಿಯನ್ನೇ ಹೆಚ್ಚು ನೆಚ್ಚಿದೆ, ದೊಡ್ಡವರಷ್ಟು ತೀವ್ರವಾಗಿ ತನ್ನನ್ನು ಖಾಲಿ ಮಾಡಿಕೊಳ್ಳುವುದಿಲ್ಲ. ಮೀಸೆ ಚಿಗುರುವ ವಯಸ್ಸಿಗೆ ಈ ಅನುಕೂಲ ಕಡಿಮೆಯಾಗುತ್ತ ಬರುತ್ತದೆ. ಏಳನೆಯ ಇಯತ್ತೆಯಲ್ಲಿ ಇಡೀ ದಿನ ಆಡಿದರೂ ದಣಿಯದಿದ್ದ ಹುಡುಗ ಹತ್ತನೆಯದರಲ್ಲಿ ದಣಿದರೆ ಅದು ಸೋಮಾರಿತನವಲ್ಲ.

ಮಿತಿ ಮೀರಿದರೆ ಆಗುವ ಅನಾಹುತವನ್ನೂ ತಿಳಿದಿರಬೇಕು. ಅಭ್ಯಾಸವಿಲ್ಲದ ದೇಹ ಒಮ್ಮೆಲೇ ನೂರಾರು ಬಸ್ಕಿ ಹೊಡೆದಾಗ, ಅಥವಾ ಬಿರುಬಿಸಿಲಿನಲ್ಲಿ ನೀರಿಲ್ಲದೆ ಓಡಿದಾಗ, ಸ್ನಾಯುವಿನ ಕೋಶಗಳು ಒಡೆದು ಅದರೊಳಗಿನ ಮಯೊಗ್ಲೊಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸುರಿಯುತ್ತದೆ. ಅದನ್ನು ಸೋಸಲು ಹೋಗಿ ಮೂತ್ರಪಿಂಡಗಳು ಕೆಡಬಹುದು. ಹೇರಳ ಬಸ್ಕಿ ಹೊಡೆದ ನಂತರ ಹದಿಹರೆಯದವರು ಹೀಗೆ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ತಡೆಯಲಾಗದ ನೋವು, ಊದಿದ ತೊಡೆ, ಕಾಲು ಎತ್ತಲಾಗದ ನಿಶ್ಶಕ್ತಿ, ಚಹಾ ಕಷಾಯದಂತೆ ಕಪ್ಪಾದ ಮೂತ್ರ, ಇವು ಅದರ ಗುರುತು. ಇವು ಕಂಡರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕರು ಗುಣವಾಗುತ್ತಾರೆ. ಶಿಕ್ಷೆಯಾಗಿ ಬಸ್ಕಿ ಹೊಡೆಸುವುದರ ಅಪಾಯ ಇದರಿಂದ ತಿಳಿಯುತ್ತದೆ. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನೇ ನಿಷೇಧಿಸಿದೆ.

ಬೇಸಿಗೆಯಲ್ಲಿ ಇನ್ನೊಂದು ಶತ್ರು ಬಿಸಿಲು. ಓಡುತ್ತಿದ್ದವನು ತಡವರಿಸಿದರೆ, ಸಂಬಂಧವಿಲ್ಲದ ಮಾತಾಡಿದರೆ, ಕುಸಿದರೆ ಅದನ್ನು ಬಿಸಿಲಾಘಾತ ಎಂದೇ ಎಣಿಸಿ ನೆರಳಿಗೆ ಎಳೆದು, ಮೈತುಂಬ ತಣ್ಣೀರು ಸುರಿದು, ಗಾಳಿ ಹಾಕುತ್ತ ಆಸ್ಪತ್ರೆಗೆ ಸಾಗಿಸಬೇಕು. ನೋವು ಮರೆಯಲು ಗುಳಿಗೆ ನುಂಗಿ ಓಡುವ ಚಟವೂ ಅಪಾಯಕಾರಿ. ನೀರು ಬತ್ತಿದ ದೇಹದಲ್ಲಿ ಹಲವು ನೋವಿನ ಗುಳಿಗೆಗಳು ಮೂತ್ರಪಿಂಡಕ್ಕೆ ಕೆಡುಕು ಮಾಡುತ್ತವೆ. ಓಡುವಾಗ ಎದೆನೋವು ಬಂದವ, ಎಚ್ಚರ ತಪ್ಪಿ ಬಿದ್ದವ ಇದ್ದರೆ ವೈದ್ಯರ ತಪಾಸಣೆ ಆಗುವವರೆಗೆ ಮೈದಾನಕ್ಕೆ ಇಳಿಯಲೇಬಾರದು.

ವಾರದ ಲೆಕ್ಕ

ಸೈನ್ಯದ ಭರ್ತಿಯಲ್ಲಿ ೧೬೦೦ ಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದವನಿಗೆ ಪೂರ್ಣ ಅಂಕ, ಆ ಬಳಿಕ ಬೀಮ್ ಹಿಡಿದು ಮೈ ಎತ್ತುವ ಪರೀಕ್ಷೆಯಲ್ಲಿ ಹತ್ತು ಎತ್ತಿದವನಿಗೆ ಪೂರ್ಣ ಅಂಕ. ರಾಜ್ಯದ ಪೊಲೀಸ್ ಪೇದೆ ಹುದ್ದೆಗೆ ಪುರುಷರು ಅದೇ ದೂರವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಐದಾರು ನಿಮಿಷದ ಈ ಓಟದಲ್ಲಿ ಶಕ್ತಿಯ ಬಹುಪಾಲು ಬರುವುದು ಆಮ್ಲಜನಕದ ದಾರಿಯಿಂದ. ಆದ್ದರಿಂದ ತಯಾರಿಯಲ್ಲಿ ನಿಧಾನದ ಉದ್ದ ಓಟಕ್ಕೂ, ತೀವ್ರ ಓಟಕ್ಕೂ, ಬಿಡುವಿಗೂ ಸರಿಯಾದ ಪಾಲು ಸಿಗಬೇಕು.

ಚೆನ್ನಾಗಿ ಅಭ್ಯಾಸವಾದ ಆರೋಗ್ಯವಂತ ಹುಡುಗನಿಗೆ ಒಂದು ವಾರ ಹೀಗಿರಬಹುದು. ಸೋಮವಾರ ೪೦೦ ಮೀಟರಿನ ಐದಾರು ವೇಗದ ಸುತ್ತು, ಪ್ರತಿ ಸುತ್ತಿನ ನಡುವೆ ಮೂರು ನಿಮಿಷ ನಡಿಗೆ. ಮಂಗಳವಾರ ಮಾತಾಡಬಹುದಾದ ವೇಗದಲ್ಲಿ ಅರ್ಧ ತಾಸು ಓಟ. ಬುಧವಾರ ಓಟವಿಲ್ಲ, ಬೀಮ್ ಮತ್ತು ಹಗುರ ಕಸರತ್ತು. ಗುರುವಾರ ೨೦೦ ಮೀಟರಿನ ಚುರುಕು ಓಟಗಳು, ಸಾಕಷ್ಟು ಬಿಡುವಿನೊಂದಿಗೆ. ಶುಕ್ರವಾರ ಮತ್ತೆ ನಿಧಾನ ಓಟ. ಶನಿವಾರ ಗೆಳೆಯರ ಜೊತೆ ಆಟ. ಭಾನುವಾರ ಪೂರ್ತಿ ವಿಶ್ರಾಂತಿ. ಹೊಲದಲ್ಲಿ ದಿನವಿಡೀ ಕಬ್ಬು ಕಡಿದು ಬಂದಿದ್ದರೆ ಅದೂ ವ್ಯಾಯಾಮವೇ. ಅಂದಿನ ತೀವ್ರ ಓಟವನ್ನು ಮುಂದಕ್ಕೆ ಹಾಕುವುದೇ ಸರಿ.

ಭರ್ತಿಗೆ ಎರಡು ವಾರವಿರುವಾಗ ಹುಡುಗರು ಓಟವನ್ನು ದ್ವಿಗುಣ ಮಾಡುತ್ತಾರೆ. ಮಾಡಬೇಕಾದದ್ದು ಅದರ ಉಲ್ಟಾ. ಸ್ಪರ್ಧೆಗೆ ಮುಂಚಿನ ತಯಾರಿಯ ಅಧ್ಯಯನಗಳನ್ನು ಒಟ್ಟುಗೂಡಿಸಿದ ೨೦೦೭ರ ಒಂದು ವಿಶ್ಲೇಷಣೆ, ಕೊನೆಯ ಎರಡು ವಾರ ವೇಗವನ್ನು ಹಾಗೆಯೇ ಉಳಿಸಿಕೊಂಡು ಒಟ್ಟು ಓಟವನ್ನು ಶೇಕಡಾ ೪೧ರಿಂದ ೬೦ರಷ್ಟು ಇಳಿಸಿದವರ ಸಾಧನೆ ಹೆಚ್ಚು ಸುಧಾರಿಸುತ್ತದೆ ಎಂದು ಕಂಡುಕೊಂಡಿತು. ಆ ಹೊತ್ತಿಗೆ ಗಳಿಸಬೇಕಾದ ಬಲವನ್ನು ಗಳಿಸಿಯಾಗಿರುತ್ತದೆ. ಇನ್ನು ಬೇಕಾದದ್ದು ತುಂಬಿದ ಹಗೇವು ಮತ್ತು ವಾಸಿಯಾದ ಎಳೆಗಳು.

ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಂದು ಭರ್ತಿಯ ಮೇಲೆ ಇಡೀ ಕುಟುಂಬದ ಆಸೆ ನಿಂತಿರುತ್ತದೆ. ವಯಸ್ಸಿನ ಮಿತಿ ದಾಟಿದರೆ ಮತ್ತೊಂದು ಅವಕಾಶವಿಲ್ಲ ಎಂಬ ಆತಂಕ ಬೇರೆ. ಆ ಆತಂಕದಲ್ಲಿ ಬಿಡುವು ಮೊದಲು ಬಲಿಯಾಗುತ್ತದೆ. ಭಾನುವಾರ ಬೆಳಿಗ್ಗೆ ಮಗ ಮಲಗಿದ್ದರೆ ಹೊದಿಕೆ ಎಳೆಯುವ ಮುನ್ನ ತಂದೆ ತಾಯಿ ಒಂದು ಗಳಿಗೆ ಯೋಚಿಸಲಿ. ಶನಿವಾರದ ಆಟದಲ್ಲಿ ಹರಿದ ಎಳೆಗಳು ಕೂಡಿಕೊಳ್ಳುತ್ತಿರುವುದು, ಸೋಮವಾರದ ಓಟಕ್ಕೆ ಕಾಲು ಸಜ್ಜಾಗುತ್ತಿರುವುದು ಆ ನಿದ್ದೆಯಲ್ಲೇ.